ಕರೆಂಟು ಕಟ್ಟೆ: ಬಿಸಿಲಿದೆ, ಪ್ಯಾನಲ್ ಇದೆ, ಮನೆಯಲ್ಲಿ ಮಾತ್ರ ಕರೆಂಟಿಲ್ಲ!

ಹೋದ ತಿಂಗಳು ಈ ಅಂಕಣದಲ್ಲಿ ಕೇಂದ್ರದ ‘ಪಿಎಂ ಸೂರ್ಯಘರ್’ ಯೋಜನೆ ಬಗ್ಗೆ ಬರೆದಿದ್ದೆ. ಚಾವಣಿಗೆ ಸೋಲಾರ್ ಹಾಕಿಸಿದರೆ ಮೊದಲ 2 ಕಿಲೋವಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ರೂಪಾಯಿ ಸಹಾಯಧನ ಅಂತ. ಅದಾದ ಮೇಲೆ ಬಂದ ಪತ್ರಗಳಲ್ಲಿ ದುಡ್ಡಿನ ಮಾತಿಗಿಂತ ತಂತಿಯ ಮಾತೇ ಜಾಸ್ತಿ. ನನಗೆ ಒಳಗೊಳಗೇ ಖುಷಿ. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಶುರುಮಾಡಿ ಸಬ್‌ಸ್ಟೇಷನ್‌ನಲ್ಲಿ ಮುಗಿಸಿದ ನೌಕರಿ ನನ್ನದು. ಪ್ಯಾನಲ್ ಮಾರುವವರು ಚಾವಣಿಯವರೆಗೆ ಮಾತ್ರ ಮಾತಾಡುತ್ತಾರೆ. ಅಲ್ಲಿಂದ ಕಂಬಕ್ಕೆ, ಕಂಬದಿಂದ ಟಿಸಿಗೆ (ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ) ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಈ ಸಲ ಪೂರ್ತಿ ಅದೇ ಮಾತು.

ಪ್ರಶ್ನೆ: ಮೇಡಂ, ಮನೆ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದ್ದೇವೆ. ಮೊನ್ನೆ ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಬಿಸಿಲು ಸುಡುತ್ತಿತ್ತು. ಆದರೂ ಒಂದು ಫ್ಯಾನೂ ತಿರುಗಲಿಲ್ಲ. ಹಾಕಿಸಿದವರನ್ನು ಕೇಳಿದರೆ ‘ಅದು ಹಾಗೇ ಅಮ್ಮ’ ಅಂದರು. ನಮಗೆ ಮೋಸ ಆಯಿತಾ?
— ಗೃಹಿಣಿಯೊಬ್ಬರು, ತುಮಕೂರು

ಮೋಸ ಆಗಿಲ್ಲ. ಮೊದಲೇ ಹೇಳಲಿಲ್ಲ, ಅದು ಅವರ ತಪ್ಪು. ನಿಮ್ಮದು ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್. ಭಜನೆಯಲ್ಲಿ ಮುಂದೆ ಕೂತವರು ಹೇಳಿಕೊಟ್ಟ ಸಾಲನ್ನು ಹಿಂದಿನವರು ಹೇಳುತ್ತಾರಲ್ಲ, ಇದರ ಕೆಲಸವೂ ಹಾಗೇ. ತಂತಿಯಲ್ಲಿ ಬರುವ 230 ವೋಲ್ಟ್, 50 ಹರ್ಟ್ಜ್ ನೋಡಿಕೊಂಡೇ ಅದು ತನ್ನ ಕರೆಂಟನ್ನು ಸೇರಿಸುತ್ತದೆ. ಮುಂದಿನವರು ನಿಲ್ಲಿಸಿದರೆ ಇದೂ ನಿಲ್ಲಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ ಇದನ್ನು ಲೆಕ್ಕ ಹಾಕಿಯೇ ಹೇಳಿದೆ. ವೋಲ್ಟೇಜ್ ಶೇ 80ಕ್ಕಿಂತ ಕೆಳಗೆ ಇಳಿದರೂ, ಶೇ 110ಕ್ಕಿಂತ ಮೇಲೆ ಹೋದರೂ 2 ಸೆಕೆಂಡಿನೊಳಗೆ ಇನ್ವರ್ಟರ್ ಆಫ್ ಆಗಬೇಕು.

ಯಾಕೆ ಇಷ್ಟು ಬಿಗಿ? ಕಂಬದ ಮೇಲಿರುವ ಲೈನ್‌ಮ್ಯಾನ್‌ಗೋಸ್ಕರ. ಟಿಸಿ ಅನ್ನುವುದು 11 ಸಾವಿರ ವೋಲ್ಟನ್ನು ಇಳಿಸಿ ನಿಮ್ಮ ಮನೆಗೆ ಕೊಡುವ ಪೆಟ್ಟಿಗೆ ಅಂತ ಎಲ್ಲರಿಗೂ ಗೊತ್ತು. ಅದೇ ಪೆಟ್ಟಿಗೆ ಉಲ್ಟಾ ಕೂಡ ಕೆಲಸ ಮಾಡುತ್ತದೆ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಮನೆಯಿಂದ 230 ವೋಲ್ಟ್ ವಾಪಸ್ ಹೋದರೆ ಆ ಕಡೆ 11 ಸಾವಿರ ಎದ್ದು ನಿಲ್ಲುತ್ತದೆ. ನಾನು ಸೆಕ್ಷನ್‌ನಲ್ಲಿದ್ದ ಕಾಲಕ್ಕೆ ಚಾವಣಿ ಸೋಲಾರ್ ಇರಲಿಲ್ಲ, ಮದುವೆ ಛತ್ರಗಳ ಜನರೇಟರ್ ಇದ್ದವು. ಕಂಬದ ಕರೆಂಟನ್ನೂ ಜನರೇಟರನ್ನೂ ಬೇರೆಬೇರೆ ಮಾಡುವ ಚೇಂಜ್‌ಓವರ್ ಸ್ವಿಚ್ ಹಾಕದೆ ಜನರೇಟರ್ ಕಟ್ಟಿಕೊಂಡಿದ್ದ ಒಂದು ಛತ್ರದಿಂದ ಕರೆಂಟ್ ವಾಪಸ್ ಬಂದು ನಮ್ಮ ಹುಡುಗ ಕಂಬದಿಂದ ಬಿದ್ದ. ಬದುಕಿಕೊಂಡ. ಬಲಗೈ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. ಈಗ ಒಂದು ಬೀದಿಯಲ್ಲಿ ಹತ್ತು ಮನೆಗಳ ಮೇಲೆ ಪ್ಯಾನಲ್ ಇದೆ ಅಂದುಕೊಳ್ಳಿ. ಆ ಎರಡು ಸೆಕೆಂಡಿನ ನಿಯಮ ಯಾಕೆ ಬೇಕು ಅಂತ ನಿಮಗೇ ತಿಳಿಯುತ್ತದೆ.

ಕರೆಂಟ್ ಹೋದಾಗಲೂ ಸೋಲಾರ್ ಉಪಯೋಗಕ್ಕೆ ಬರಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ ಬೇಕು, ಜೊತೆಗೆ ಬ್ಯಾಟರಿ. ಅದು ಕಂಬದ ಕಡೆ ಬಾಗಿಲು ಹಾಕಿಕೊಂಡು ಮನೆಯೊಳಗಿನ ಒಂದಿಷ್ಟು ಪಾಯಿಂಟ್‌ಗಳನ್ನು ಮಾತ್ರ ನಡೆಸುತ್ತದೆ. ಆದರೆ ಹಾಕಿಸುವ ಮುಂಚೆ ಸ್ವಲ್ಪ ಲೆಕ್ಕ ಮಾಡಿ. ಎಷ್ಟೋ ಮನೆಗಳಲ್ಲಿ ಯುಪಿಎಸ್ ಇರುತ್ತದಲ್ಲ, ಅದರ 150 ಎಎಚ್ ಬ್ಯಾಟರಿಯಲ್ಲಿ 12 ವೋಲ್ಟ್ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ತೆಗೆಯಬೇಕು. ಅಂದರೆ 0.9 ಯೂನಿಟ್. ಎರಡು ಫ್ಯಾನ್, ನಾಲ್ಕು ಎಲ್ಇಡಿ ಬಲ್ಬು, ಟಿವಿ ಸೇರಿ 250 ವಾಟ್ ಹಿಡಿದರೆ ಮೂರೂವರೆ ಗಂಟೆ ನಡೆಯುತ್ತದೆ. ತುಮಕೂರಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಎಷ್ಟು ಸಲ? ದಿನಕ್ಕೆ ಒಂದು ಗಂಟೆ ಹೋಗುವ ಕರೆಂಟಿಗೋಸ್ಕರ ಲಿಥಿಯಂ ಬ್ಯಾಟರಿಗೆ ಲಕ್ಷಗಟ್ಟಲೆ ಸುರಿಯುವುದು ನನ್ನ ಪ್ರಕಾರ ದಂಡ. ಯುಪಿಎಸ್ ಇದ್ದರೆ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ಬಹಳ ಮನೆಗಳಲ್ಲಿ ಅದನ್ನೇ ಮರೆತಿರುತ್ತಾರೆ.

ಪ್ರಶ್ನೆ: ನಮ್ಮದು ತೋಟದ ಮನೆ, ಲೈನಿನ ಕಡೇ ಮನೆ. 5 ಕಿಲೋವಾಟ್ ಹಾಕಿಸಿದೆ. ಬೆಳಗ್ಗೆ ಚೆನ್ನಾಗಿರುತ್ತದೆ. ಹನ್ನೊಂದು ಗಂಟೆಯಿಂದ ಎರಡರವರೆಗೆ, ಬಿಸಿಲು ಜೋರಿರುವಾಗಲೇ, ಇನ್ವರ್ಟರ್ ‘ಗ್ರಿಡ್ ಓವರ್ ವೋಲ್ಟೇಜ್’ ಅಂತ ತೋರಿಸಿ ಆಫ್ ಆಗುತ್ತದೆ. ರಾತ್ರಿ ನೋಡಿದರೆ ಇದೇ ಮನೆಯಲ್ಲಿ ಬಲ್ಬು ಮಂಕು. ಕಂಪನಿಯವರು ಲೈನ್ ಸರಿ ಇಲ್ಲ ಅಂತಾರೆ, ಲೈನ್‌ನವರು ಇನ್ವರ್ಟರ್ ಸರಿ ಇಲ್ಲ ಅಂತಾರೆ.
— ಅಡಿಕೆ ಬೆಳೆಗಾರರೊಬ್ಬರು, ಹಿರಿಯೂರು ತಾಲ್ಲೂಕು

ಯಜಮಾನರೇ, ಇಬ್ಬರು ಹೇಳಿದ್ದೂ ಅರ್ಧರ್ಧ ನಿಜ. ಈ ಕಂತಿನಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ನಿಮ್ಮದೇ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕರೆಂಟು ಟಿಸಿಯಿಂದ ಮನೆಗೆ ಬರುವಾಗ ತಂತಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಕಡೇ ಮನೆಗೆ ಬರುವ ಹೊತ್ತಿಗೆ ಬಲ್ಬು ಮಂಕಾಗುವುದು ಅದಕ್ಕೇ. ಈಗ ಮಧ್ಯಾಹ್ನ ನಿಮ್ಮ ಮನೆಯಿಂದ ಕರೆಂಟು ಟಿಸಿ ಕಡೆಗೆ ಹೋಗುತ್ತಿದೆ. ಆಗ ಲೆಕ್ಕ ಉಲ್ಟಾ. ನಿಮ್ಮ ಕಡೆಯ ವೋಲ್ಟೇಜ್ ಟಿಸಿಗಿಂತ ಮೇಲೆ ಏರುತ್ತದೆ.

ಎಷ್ಟು ಏರುತ್ತದೆ ಅಂತ ಹಾಳೆ ಮೇಲೆ ನೋಡೋಣ. ಹಳ್ಳಿ ಕಡೆಯ ಲೈನುಗಳಲ್ಲಿ ಬಹಳ ಕಡೆ ಇರುವುದು ‘ವೀಸೆಲ್’ ಅನ್ನುವ ಸಣ್ಣ ಅಲ್ಯೂಮಿನಿಯಂ ತಂತಿ. ಅದರ ತಡೆ ಕಿಲೋಮೀಟರಿಗೆ ಸುಮಾರು 0.9 ಓಮ್. ಟಿಸಿ ನಿಮ್ಮಿಂದ ಅರ್ಧ ಕಿಲೋಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಫೇಸ್ ತಂತಿಯಲ್ಲಿ ಅರ್ಧ ಕಿಲೋಮೀಟರ್, ನ್ಯೂಟ್ರಲ್‌ನಲ್ಲಿ ಅರ್ಧ, ಎರಡೂ ಸೇರಿ 0.9 ಓಮ್. 5 ಕಿಲೋವಾಟ್ ಸಿಂಗಲ್ ಫೇಸ್ ಅಂದರೆ ಸುಮಾರು 22 ಆಂಪಿಯರ್. ಗುಣಿಸಿದರೆ 20 ವೋಲ್ಟ್. ಟಿಸಿ ಹತ್ತಿರ 235 ಇದ್ದರೆ ನಿಮ್ಮ ಮನೆಯಲ್ಲಿ 255. ಇನ್ವರ್ಟರ್‌ಗೆ 230ರ ಮೇಲೆ ಶೇ 10, ಅಂದರೆ 253 ಮಿತಿ. ಆಫ್!

ಹಾಗಾದರೆ ಇನ್ವರ್ಟರ್ ಕೆಟ್ಟಿಲ್ಲ. ಅದು ಮಾಡಬೇಕಾದ್ದನ್ನೇ ಮಾಡುತ್ತಿದೆ.

ಇದರ ಜೊತೆಗೆ ಇನ್ನೊಂದು ಕಥೆ ಇರಬಹುದು, ಹೋಗಿ ವಿಚಾರಿಸಿ. ರಾತ್ರಿ ಬಲ್ಬು ಮಂಕು ಅಂತ ನಿಮ್ಮ ಕಡೆಯವರೇ ಎಷ್ಟೋ ಸಲ ದೂರು ಕೊಟ್ಟಿರುತ್ತೀರಿ. ವೋಲ್ಟೇಜಿನ ಹಂತ ಬದಲಿಸುವ ಟ್ಯಾಪ್ ಇರುವ ಟಿಸಿ ಆದರೆ ಲೈನ್‌ಮ್ಯಾನ್ ಒಂದು ಹಂತ ಏರಿಸಿ ಹೋಗಿರುತ್ತಾನೆ. ರಾತ್ರಿ ಸರಿಹೋಗುತ್ತದೆ. ಅದೇ ಟ್ಯಾಪ್ ಮಧ್ಯಾಹ್ನ ಸೋಲಾರ್ ಹೊತ್ತಿಗೆ ವೋಲ್ಟೇಜನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ದಿನಕ್ಕೆ ಎರಡು ಸಲ ಟಿಸಿ ಹತ್ತಿ ಟ್ಯಾಪ್ ತಿರುಗಿಸುವುದಕ್ಕೆ ಆಗುವುದಿಲ್ಲ. ಲೈನ್ ಆಫ್ ಮಾಡಿಯೇ ತಿರುಗಿಸಬೇಕು. ರಾತ್ರಿ ಕಡಿಮೆ, ಹಗಲು ಜಾಸ್ತಿ, ಎರಡನ್ನೂ ಒಂದೇ ತಂತಿ ತಡೆದುಕೊಳ್ಳಬೇಕು. ಹಳ್ಳಿಯ ಲೈನುಗಳನ್ನು ಎಳೆದ ಕಾಲದಲ್ಲಿ ಕರೆಂಟು ಒಂದೇ ದಿಕ್ಕಿಗೆ ಹೋಗುತ್ತಿತ್ತು.

ಏನು ಮಾಡಬೇಕು? ಖರ್ಚಿಲ್ಲದ್ದರಿಂದ ಶುರುಮಾಡಿ. ನಿಮ್ಮ ಫೇಸಿಗೇ ಅಕ್ಕಪಕ್ಕದ ಸೋಲಾರ್‌ಗಳೂ ಕಟ್ಟಿವೆಯಾ ನೋಡಿ. ಮೂರು ಮನೆ ಒಂದೇ ಫೇಸ್‌ನಲ್ಲಿದ್ದರೆ ಒಂದೊಂದನ್ನು ಒಂದೊಂದು ಫೇಸಿಗೆ ಹಾಕಿಸಿ. ಕಂಬದ ಮೇಲೆ ಅರ್ಧ ಗಂಟೆ ಕೆಲಸ. ನೀರಿನ ಮೋಟಾರ್, ವಾಷಿಂಗ್ ಮೆಷಿನ್, ಗ್ರೈಂಡರ್ ಎಲ್ಲವನ್ನೂ ಹನ್ನೊಂದರಿಂದ ಎರಡರೊಳಗೆ ಹಾಕಿ. ಮನೆಯಲ್ಲೇ ಖರ್ಚಾದ ಕರೆಂಟು ತಂತಿಗೆ ಹೋಗುವುದಿಲ್ಲ, ವೋಲ್ಟೇಜ್ ಏರಿಸುವುದೂ ಇಲ್ಲ. ಈಗಿನ ಇನ್ವರ್ಟರ್‌ಗಳಲ್ಲಿ ವೋಲ್ಟೇಜ್ ಏರಿದಂತೆ ಪೂರ್ತಿ ಆಫ್ ಆಗದೆ ಸ್ವಲ್ಪ ಸ್ವಲ್ಪವೇ ಉತ್ಪಾದನೆ ಇಳಿಸುವ ಸೆಟ್ಟಿಂಗ್ ಇರುತ್ತದೆ. ಅದನ್ನು ಹಾಕಿಕೊಡಿ ಅಂತ ಕಂಪನಿಯವರನ್ನು ಕೇಳಿ. 253ರ ಮಿತಿಯನ್ನೇ ಏರಿಸಿಕೊಡುತ್ತೇನೆ ಅಂದರೆ ಮಾತ್ರ ಬೇಡ ಅನ್ನಿ. ನಿಮ್ಮ ಮನೆ ಫ್ರಿಜ್ ಸುಟ್ಟರೆ ಅವರು ಬರುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ತ್ರೀ ಫೇಸ್ ಇನ್ವರ್ಟರ್. ಅದೇ 5 ಕಿಲೋವಾಟ್ ಮೂರು ತಂತಿಗೆ ಹಂಚಿದರೆ ಒಂದೊಂದಕ್ಕೆ 7 ಆಂಪಿಯರ್, ನ್ಯೂಟ್ರಲ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಆಗ ಏರುವುದು ಬರೀ 3 ವೋಲ್ಟ್ ಚಿಲ್ಲರೆ. 20 ಎಲ್ಲಿ, 3 ಎಲ್ಲಿ! ಹಾಕಿಸುವ ದಿನವೇ ಯಾರಾದರೂ ಈ ಮಾತು ಹೇಳಿದ್ದರೆ ನಿಮಗೆ ಈ ಪಾಡಿರಲಿಲ್ಲ. ಸೆಕ್ಷನ್ ಆಫೀಸಿಗೆ ಹೋಗುವಾಗ ಬಾಯಿಮಾತಿನಲ್ಲಿ ಹೇಳಬೇಡಿ. ಇನ್ವರ್ಟರ್ ಆ್ಯಪ್‌ನಲ್ಲಿ ಹಗಲಿನ ವೋಲ್ಟೇಜ್ ದಾಖಲೆ ಇರುತ್ತದೆ. ಒಂದು ವಾರದ್ದನ್ನು ಪ್ರಿಂಟ್ ಹಾಕಿಸಿ ಅರ್ಜಿಗೆ ಲಗತ್ತಿಸಿ. ಕಾಗದ ಬಂದರೆ ಆಫೀಸು ಅಲುಗಾಡುತ್ತದೆ. ಇದು ಆ ಕಡೆ ಕುರ್ಚಿಯಲ್ಲಿ ಕೂತವಳ ಮಾತು.

ಅಂದ ಹಾಗೆ, ವೋಲ್ಟೇಜ್ ಏರುವುದು ಹಳ್ಳಿ ಲೈನಿನ ತಲೆನೋವು ಮಾತ್ರ ಅಲ್ಲ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ಹೆಚ್ಚುಕಡಿಮೆ ಪೂರ್ತಿ ಕತ್ತಲಾದವು. ತಜ್ಞರು ತನಿಖೆ ಮಾಡಿ ನೋಡಿದಾಗ ಕಂಡದ್ದು ಇದೇ. ವೋಲ್ಟೇಜ್ ಏರುತ್ತಾ ಹೋಯಿತು, ಸ್ಥಾವರಗಳು ಒಂದರ ಹಿಂದೆ ಒಂದು ಕಳಚಿಕೊಂಡವು. ಕೆಲವರು ಸೋಲಾರ್ ತಲೆಗೇ ಕಟ್ಟಿದರು. ನನಗೆ ಅದು ಅವಸರದ ಮಾತು ಅನ್ನಿಸಿತು. ವೋಲ್ಟೇಜ್ ಹತೋಟಿಯ ಕೆಲಸ ಯಾರದ್ದು, ಅವರು ಅದನ್ನು ಮಾಡಿದರಾ ಅನ್ನುವುದು ಅಲ್ಲಿನ ಪ್ರಶ್ನೆ. ನಿಮ್ಮ ಟಿಸಿಯಲ್ಲೂ ಅದೇ ಪ್ರಶ್ನೆ.

ಪ್ರಶ್ನೆ: ನಮ್ಮ ಮನೆ ಮೇಲೆ ನೀರಿನ ಟ್ಯಾಂಕ್ ಇದೆ. ಹಗಲು ಸೋಲಾರ್‌ನಿಂದ ನೀರು ಮೇಲೆ ಹತ್ತಿಸಿ, ರಾತ್ರಿ ಕೆಳಗೆ ಬಿಟ್ಟು ಕರೆಂಟ್ ತೆಗೆಯಬಹುದಾ?
— 9ನೇ ತರಗತಿ ವಿದ್ಯಾರ್ಥಿನಿ, ಕುಂದಾಪುರ

ತಂಗೀ, ಯೋಚನೆ ಸರಿಯಾಗಿದೆ, ಟ್ಯಾಂಕು ಸಣ್ಣದು! 1000 ಲೀಟರ್ ನೀರು 10 ಮೀಟರ್ ಎತ್ತರದಲ್ಲಿದ್ದರೆ ಅದರಲ್ಲಿರುವ ಶಕ್ತಿ 27 ವಾಟ್-ಅವರ್. 9 ವಾಟಿನ ಬಲ್ಬು ಮೂರು ಗಂಟೆ ಉರಿಯುತ್ತದೆ. ಅದೂ ಏನೂ ನಷ್ಟವಾಗದಿದ್ದರೆ. ದ್ರವ್ಯರಾಶಿಯನ್ನು 9.8ರಿಂದ, ಆಮೇಲೆ ಎತ್ತರದಿಂದ ಗುಣಿಸಿ 3600ರಿಂದ ಭಾಗಿಸು, ನೀನೇ ಮಾಡಿ ನೋಡು.

ಎತ್ತರವೂ ನೀರೂ ಎರಡೂ ಜಾಸ್ತಿ ಇದ್ದರೆ ಇದೇ ಯೋಚನೆ ದೊಡ್ಡ ಯಂತ್ರ ಆಗುತ್ತದೆ. ತಮಿಳುನಾಡಿನ ಕಡಂಪಾರೈಯಲ್ಲಿ 400 ಮೆಗಾವಾಟಿನ ಇಂಥ ಸ್ಥಾವರ ಇದೆ. ನಿನ್ನ ಊರಿನಿಂದ ಘಟ್ಟ ಹತ್ತಿದರೆ ಶರಾವತಿ. ಅಲ್ಲಿ ತಳಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆಗೂ ನಾನೂರು ಮೀಟರಿಗಿಂತ ಜಾಸ್ತಿ ಎತ್ತರದ ವ್ಯತ್ಯಾಸ. ಆ ಎರಡರ ನಡುವೆ 2000 ಮೆಗಾವಾಟಿನ ಯೋಜನೆ ಮಾಡಬೇಕು ಅಂತ ಸರ್ಕಾರ ಹೊರಟಿದೆ. ಅದು ಸಿಂಗಳೀಕಗಳ ಅಭಯಾರಣ್ಯ. ಆದ್ದರಿಂದ ವಿರೋಧ ಜೋರಾಗಿದೆ. ನಾನು ಇಂಜಿನಿಯರ್ ಆದರೂ ವಿರೋಧಿಸುವವರ ಕಡೆಗೇ ವಾಲುತ್ತೇನೆ. ಬ್ಯಾಟರಿಯನ್ನು ಎಲ್ಲಿ ಬೇಕಾದರೂ ಇಡಬಹುದು, ಆ ಕಾಡನ್ನು ಇಡುವುದಕ್ಕೆ ಬೇರೆ ಜಾಗ ಇಲ್ಲ.

ನಿನ್ನ ಮನೆ ಟ್ಯಾಂಕಿಗೆ ಬೇರೆ ಕೆಲಸ ಇದೆ. ಅಪ್ಪನಿಗೆ ಹೇಳಿ ಮೋಟಾರನ್ನು ಸಂಜೆ ಬದಲು ಮಧ್ಯಾಹ್ನ ಹಾಕಿಸು.

ಪ್ರಶ್ನೆ: ನಮ್ಮ ಊರ ಹತ್ತಿರದ ಸಬ್‌ಸ್ಟೇಷನ್ ಪಕ್ಕ ಕುಸುಮ್ ಯೋಜನೆಯಲ್ಲಿ ಸೋಲಾರ್ ಹಾಕುತ್ತಾರಂತೆ. ಇನ್ನು ಮೇಲೆ ಹಗಲಿನಲ್ಲೇ ತ್ರೀ ಫೇಸ್ ಅಂತಾರೆ. ನಮ್ಮ ಪಂಪ್‌ಸೆಟ್ಟಿನ ಉಚಿತ ಕರೆಂಟ್ ಕಿತ್ತುಕೊಳ್ಳುವ ಉಪಾಯವೇ ಇದು? ಮೋಡ ಬಂದ ದಿನ ಏನು ಗತಿ?
— ರೈತರೊಬ್ಬರು, ಶಿರಾ ತಾಲ್ಲೂಕು

ಕುಸುಮ್ ಅಂದರೆ ಕೃಷಿಗೆ ಸೋಲಾರ್ ತರುವ ಕೇಂದ್ರದ ಯೋಜನೆ, ಅದರಲ್ಲಿ ಮೂರು ಬಗೆ ಇದೆ. ನೀವು ಹೇಳುತ್ತಿರುವುದು ‘ಸಿ’, ಅದರಲ್ಲೂ ಫೀಡರ್‌ಗೆ ಸೋಲಾರ್ ಕೊಡುವುದು. ಇದರಲ್ಲಿ ನಿಮ್ಮ ಹೊಲದಲ್ಲಿ ಯಾರೂ ಏನನ್ನೂ ಮುಟ್ಟುವುದಿಲ್ಲ. ಸಬ್‌ಸ್ಟೇಷನ್ ಹತ್ತಿರ ನಾಲ್ಕೈದು ಎಕರೆಗೆ ಒಂದು ಮೆಗಾವಾಟ್ ಲೆಕ್ಕದಲ್ಲಿ ಪ್ಯಾನಲ್ ಹಾಕುತ್ತಾರೆ. ಅಲ್ಲಿಂದ ಬಂದ ಕರೆಂಟು ನಿಮ್ಮ ಐಪಿ ಫೀಡರಿಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ, ಹೋಗುತ್ತದೆ. ದುಡ್ಡಿನ ಲೆಕ್ಕ ಪ್ಯಾನಲ್ ಹಾಕಿದವರಿಗೂ ಎಸ್ಕಾಂಗೂ (ಕರೆಂಟ್ ಹಂಚುವ ಕಂಪನಿಗೂ) ಮಧ್ಯೆ. 10 ಎಚ್‌ಪಿವರೆಗೆ ಉಚಿತ ಅನ್ನುವುದು ರಾಜ್ಯ ಸರ್ಕಾರದ ತೀರ್ಮಾನ. ಅದು ಮುಂದೆ ಇರುತ್ತದಾ ಇಲ್ಲವಾ ಅನ್ನುವುದನ್ನು ವಿಧಾನಸೌಧದಲ್ಲಿ ಕೇಳಬೇಕು, ಪ್ಯಾನಲ್ ಹತ್ತಿರ ಅಲ್ಲ.

ಮೋಡ ಬಂದ ದಿನ ಫೀಡರ್‌ಗೆ ಗ್ರಿಡ್‌ನಿಂದಲೇ ಕರೆಂಟು ಬರುತ್ತದೆ. ಆ ತಂತಿಯನ್ನು ಯಾರೂ ಕತ್ತರಿಸಿಲ್ಲ.

ಇದರ ಲಾಭ ಕೇಳಿ. ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. ಹಿಂದೆ ಅವಕ್ಕೆ ಕರೆಂಟು ಕೊಡುತ್ತಿದ್ದದ್ದು ರಾತ್ರಿ, ಯಾಕೆಂದರೆ ಊರು ಮಲಗಿದ ಮೇಲೆ ಉಳಿಯುತ್ತಿದ್ದದ್ದು ಅದೇ. ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ, ಹಾವು ಕಚ್ಚಿಸಿಕೊಂಡವರ ಕಥೆ ನಿಮ್ಮ ಊರಲ್ಲೂ ಇದ್ದೇ ಇರುತ್ತದೆ. ಈಗ ಉಳಿಯುವ ಹೊತ್ತು ಬದಲಾಗಿದೆ. ನಿಮ್ಮ ಜಿಲ್ಲೆಯದೇ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2050 ಮೆಗಾವಾಟ್ ಸೋಲಾರ್ ಇದೆ. ರೈತರಿಂದ ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ಗುತ್ತಿಗೆ ಅಂತ ಶುರುವಾದದ್ದು. ಮಧ್ಯಾಹ್ನದ ಹೊತ್ತು ಅಲ್ಲಿಂದಲೂ ಬೇರೆ ಕಡೆಯಿಂದಲೂ ಕರೆಂಟು ಸುರಿಯುತ್ತದೆ. ಅದನ್ನು ಬ್ಯಾಟರಿಯಲ್ಲಿ ತುಂಬಿ ರಾತ್ರಿಗೆ ಕೊಡುವುದಕ್ಕೆ ಕೋಟಿಗಟ್ಟಲೆ ಬೇಕು. ಅದೇ ಹೊತ್ತಿಗೆ ನಿಮ್ಮ ಮೋಟಾರ್ ಓಡಿಸಿದರೆ ಒಂದು ಪೈಸೆ ಬೇಡ. ಕೃಷಿ ಹೊಂಡ ಇದ್ದರೆ ಇನ್ನೂ ಒಳ್ಳೆಯದು. ಹಗಲು ಎತ್ತಿ ಹೊಂಡಕ್ಕೆ ತುಂಬಿ, ಬೇಕಾದಾಗ ಹರಿಸಿಕೊಳ್ಳಿ. ನೀರು ಕೂಡಿಟ್ಟರೆ ಕರೆಂಟ್ ಕೂಡಿಟ್ಟ ಹಾಗೇ ಅಲ್ವಾ?

ಒಂದು ಬೇಡಿಕೆ ನನ್ನ ಕಡೆಯಿಂದ. ಆಟೋ ಸ್ಟಾರ್ಟರ್ ತೆಗೆಸಿ. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದ ಕಾಲಕ್ಕೆ ಅದು ಬೇಕಿತ್ತು. ತ್ರೀ ಫೇಸ್ ಬಂದ ಕ್ಷಣ ಟಿಸಿಯಡಿಯ ಎಲ್ಲ ಮೋಟಾರ್ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಟಿಸಿ ಸುಡುತ್ತದೆ. ಆಮೇಲೆ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಅದನ್ನು ರಿಪೇರಿಗೆ ಹೊತ್ತು ಹೋಗುವವರು ನೀವೇ. ಹಗಲಿನಲ್ಲಿ ಹೊತ್ತು ಗೊತ್ತಿದ್ದರೆ ಸರದಿ ಮಾಡಿಕೊಳ್ಳಬಹುದು.

ಪ್ರಶ್ನೆ: ಸೋಲಾರನ್ನೇ ನಂಬಿದರೆ ಗ್ರಹಣದ ದಿನ ಏನಾಗುತ್ತದೆ?
— ಮಡಿಕೇರಿಯ ಓದುಗರೊಬ್ಬರು

2019ರ ಡಿಸೆಂಬರ್ 26ರಂದು ನಿಮ್ಮ ಕುಟ್ಟದಲ್ಲೇ ಕಂಕಣ ಗ್ರಹಣ ಚೆನ್ನಾಗಿ ಕಂಡಿತ್ತು. ದಕ್ಷಿಣ ಭಾರತದ ಸೋಲಾರ್ ಪೂರ್ತಿ ಅದರ ನೆರಳಿಗೆ ಬಂತು. ಯಾರ ಮನೆಯಲ್ಲೂ ಗೊತ್ತಾಗಲಿಲ್ಲ. ಗ್ರಹಣ ಪಂಚಾಂಗದಲ್ಲೇ ಇರುತ್ತದೆ, ಗ್ರಿಡ್ಡನ್ನು ಹತೋಟಿಯಲ್ಲಿಡುವ ಲೋಡ್ ಡಿಸ್ಪ್ಯಾಚ್ ಸೆಂಟರ್‌ನವರು ಮೊದಲೇ ತಯಾರಾಗಿರುತ್ತಾರೆ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶವೆಲ್ಲ 9 ನಿಮಿಷ ದೀಪ ಆರಿಸಿದ್ದು ನೆನಪಿದೆಯಾ? ಆಗ ಬೇಡಿಕೆ ಸುಮಾರು 31 ಸಾವಿರ ಮೆಗಾವಾಟ್ ಬಿತ್ತು, ಮತ್ತೆ ಎದ್ದಿತು. ಅದನ್ನು ಮುಖ್ಯವಾಗಿ ಜಲವಿದ್ಯುತ್ ತಡೆದುಕೊಂಡಿತು.

ಹೇಳದೆ ಬರುವ ಮೋಡ ಇದಕ್ಕಿಂತ ತ್ರಾಸ. ಪಾವಗಡದಷ್ಟು ದೊಡ್ಡ ಜಾಗಕ್ಕೆ ಒಂದು ಮೋಡ ಬಂದರೆ ಒಂದು ಮೂಲೆ ಮಾತ್ರ ಇಳಿಯುತ್ತದೆ. ನಿಮ್ಮ ಚಾವಣಿಯಲ್ಲಾದರೆ ಕೆಲವೇ ಸೆಕೆಂಡಿನಲ್ಲಿ ಅರ್ಧಕ್ಕಿಂತ ಕೆಳಗೆ. ದಿನಾ ಬರುವ ನಿಜವಾದ ಕಷ್ಟ ಸಂಜೆ ಆರೂವರೆಯದು. ಸೂರ್ಯ ಹೋಗುವುದಕ್ಕೂ ಊರೆಲ್ಲ ಲೈಟ್ ಹಾಕುವುದಕ್ಕೂ ಒಂದೇ ಹೊತ್ತು. ಶರಾವತಿ, ವಾರಾಹಿ, ಜೊತೆಗೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಎದ್ದು ನಿಲ್ಲಬೇಕಾದ್ದು ಆಗ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯ. ಗುಜರಾತಿನ ಮೊಢೇರಾ ಊರು ಪೂರ್ತಿ ಸೋಲಾರ್‌ನಲ್ಲೇ ನಡೆಯುತ್ತದಂತೆ. ನಮ್ಮ ಊರನ್ನೂ ಹಾಗೆ ಮಾಡಿ, ಬ್ಯಾಟರಿ ಹಾಕಿ, ಗ್ರಿಡ್‌ನ ಹಂಗೇ ಬೇಡ ಅನ್ನುವ ಹಾಗೆ ಮಾಡಬಹುದಾ?
— ಗದಗ ಜಿಲ್ಲೆ

ಉತ್ಸಾಹ ಒಳ್ಳೆಯದು. ಮೊಢೇರಾದ ಲೆಕ್ಕ ಮೊದಲು ನೋಡಿ. 2022ರ ಅಕ್ಟೋಬರ್‌ನಲ್ಲಿ ಅದನ್ನು ದಿನವಿಡೀ ಸೋಲಾರ್‌ನಿಂದ ನಡೆಯುವ ದೇಶದ ಮೊದಲ ಊರು ಅಂತ ಸಾರಿದರು. 1300ಕ್ಕೂ ಹೆಚ್ಚು ಮನೆಗಳ ಮೇಲೆ ಒಂದೊಂದು ಕಿಲೋವಾಟ್, ಪಕ್ಕದ ಸುಜ್ಜನಪುರದಲ್ಲಿ 6 ಮೆಗಾವಾಟ್ ಸ್ಥಾವರ, 15 ಮೆಗಾವಾಟ್-ಅವರ್ ಬ್ಯಾಟರಿ. ಖರ್ಚು ಸುಮಾರು 80 ಕೋಟಿ. ಕೇಂದ್ರ, ರಾಜ್ಯ ಎರಡೂ ಸೇರಿ ಹಾಕಿದ ದುಡ್ಡು. ಅಷ್ಟೆಲ್ಲ ಇದ್ದೂ ಅವರು ಗ್ರಿಡ್‌ನಿಂದ ಕಳಚಿಕೊಂಡಿಲ್ಲ. ಅದನ್ನು ಗಮನಿಸಿ.

ಗ್ರಿಡ್ ಇಲ್ಲದೆಯೇ ನಡೆಯುತ್ತೇವೆ ಅಂತ ಹೊರಟ ಊರಿನ ಕಥೆಯನ್ನೂ ಹೇಳುತ್ತೇನೆ. ಬಿಹಾರದ ಜಹಾನಾಬಾದ್ ಜಿಲ್ಲೆಯ ಧರ್ನೈ. 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯವರು ಅಲ್ಲಿ 100 ಕಿಲೋವಾಟಿನ ಮೈಕ್ರೋಗ್ರಿಡ್ ಹಾಕಿದರು. ಬ್ಯಾಟರಿಯೂ ಇತ್ತು. ದೇಶವೆಲ್ಲ ಸುದ್ದಿಯಾಯಿತು. ಆದರೆ ಆ ಕರೆಂಟು ಲೈಟು, ಫ್ಯಾನಿಗೆ ಸಾಕಾಗುತ್ತಿತ್ತು, ಫ್ರಿಜ್ಜಿಗೆ ಆಗುತ್ತಿರಲಿಲ್ಲ. ಊರಿನವರು ‘ನಮಗೆ ನಿಜವಾದ ಕರೆಂಟ್ ಕೊಡಿ’ ಅಂತ ಕೂಗಿದರು. ಸ್ವಲ್ಪ ದಿನಕ್ಕೇ ಸರ್ಕಾರದ ಲೈನು ಬಂತು, ಅಗ್ಗವಾಗಿ. ಜನ ಆ ಕಡೆ ಹೋದರು. ಬ್ಯಾಟರಿಗಳು ಆಯುಸ್ಸು ಮುಗಿಸಿದಾಗ ಹೊಸದು ತರುವುದಕ್ಕೆ ದುಡ್ಡಿರಲಿಲ್ಲ. ಕೊನೆಗೆ ಆ ಕಟ್ಟಡದ ಜಾಗದಲ್ಲಿ ದನ ಕಟ್ಟಿದರು ಅಂತ ಪತ್ರಿಕೆಗಳಲ್ಲಿ ಬಂತು.

ಪ್ಯಾನಲ್ ಇಪ್ಪತ್ತೈದು ವರ್ಷ ಇರುತ್ತದೆ. ಲೆಡ್ ಬ್ಯಾಟರಿ ನಾಲ್ಕೈದು ವರ್ಷ. ನಿಮ್ಮ ಅವಧಿ ಐದು ವರ್ಷ. ಬ್ಯಾಟರಿ ಸಾಯುವಾಗ ಕುರ್ಚಿಯಲ್ಲಿ ಯಾರಿರುತ್ತಾರೆ, ಅವರ ಕೈಯಲ್ಲಿ ಯಾವ ನಿಧಿ ಇರುತ್ತದೆ? ಇದಕ್ಕೆ ಉತ್ತರ ಬರೆದುಕೊಂಡು ಆಮೇಲೆ ಠರಾವು ಮಾಡಿ.

ನೀವು ಗದಗದವರು, ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನೋಡಿಯೇ ಇರುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಕವಿದು ಸೋಲಾರ್ ಮಂಕಾಗುವ ತಿಂಗಳುಗಳಲ್ಲೇ, ಅವು ಜೋರಾಗಿ ತಿರುಗುತ್ತವೆ. ರಾತ್ರಿಯೂ ತಿರುಗುತ್ತವೆ. ಗ್ರಿಡ್ ಅನ್ನುವ ತಂತಿ ಇರುವುದೇ ಆ ಗಾಳಿಯನ್ನೂ ಪಾವಗಡದ ಬಿಸಿಲನ್ನೂ ಶರಾವತಿಯ ನೀರನ್ನೂ ನಿಮ್ಮ ಊರಿಗೆ ತರುವುದಕ್ಕೆ. ಅದನ್ನು ಕಳಚಿಕೊಂಡು ಅಷ್ಟೇ ಭರವಸೆಯನ್ನು ಬ್ಯಾಟರಿಯಲ್ಲಿ ಕೊಂಡುಕೊಳ್ಳುವುದು ಯಾಕೆ?

ಹಾಗಂತ ಬ್ಯಾಟರಿ ಬೇಡವೇ ಬೇಡ ಅನ್ನುವುದಿಲ್ಲ. ಅದನ್ನು ಇಡುವ ಜಾಗ ಸಬ್‌ಸ್ಟೇಷನ್. ದೆಹಲಿಯ ಕಿಲೋಕ್ರಿ ಸಬ್‌ಸ್ಟೇಷನ್‌ನಲ್ಲಿ 2025ರಲ್ಲಿ 20 ಮೆಗಾವಾಟನ್ನು ಎರಡು ಗಂಟೆ ಕೊಡುವ ಬ್ಯಾಟರಿ ಇಟ್ಟರು. ಲೋಡ್ ಕಡಿಮೆ ಇರುವ ಹೊತ್ತಿಗೆ ತುಂಬಿಕೊಂಡು ಜಾಸ್ತಿ ಇರುವ ಹೊತ್ತಿಗೆ ಕೊಡುತ್ತದೆ. ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆ ಇಳಿಯುತ್ತದೆ. ನೋಡಿಕೊಳ್ಳುವುದಕ್ಕೆ ಅಲ್ಲಿ ದಿನವಿಡೀ ಸಿಬ್ಬಂದಿ ಇರುತ್ತಾರೆ.

ಪಂಚಾಯಿತಿಯಿಂದ ಮಾಡಬಹುದಾದ ಕೆಲಸ ಬೇಕಾ? ಕುಡಿಯುವ ನೀರಿನ ಮೋಟಾರ್‌ಗಳ ಹೊತ್ತು ಬದಲಿಸಿ. ಓವರ್‌ಹೆಡ್ ಟ್ಯಾಂಕನ್ನು ಬೆಳಗಿನ ಜಾವ ತುಂಬಿಸುವ ಬದಲು ಹತ್ತರಿಂದ ಮೂರರೊಳಗೆ ತುಂಬಿಸಿ. ಮೋಟಾರ್ ಪಕ್ಕದಲ್ಲೇ ಅದಕ್ಕೆ ತಕ್ಕಷ್ಟು ಸೋಲಾರ್, ಬ್ಯಾಟರಿ ಇಲ್ಲದೆ. ಪಂಚಾಯಿತಿಗಳು ಕರೆಂಟ್ ಬಿಲ್ ಬಾಕಿ ಉಳಿಸಿಕೊಳ್ಳುವುದು ಈ ಮೋಟಾರ್‌ಗಳಿಂದಲೇ. ಬೀದಿದೀಪ ಹಗಲು ಉರಿಯದ ಹಾಗೆ ನೋಡಿಕೊಂಡರೆ ಇನ್ನೂ ಸಂತೋಷ.

ಪ್ರಶ್ನೆ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಫ್ರಿಜ್ಜಿನದೇ ಚಿಂತೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಎದೆ ಡವಡವ. ಸೋಲಾರ್ ಜೊತೆ ಎಷ್ಟು ಬ್ಯಾಟರಿ ಕೇಳಲಿ?
— ನರ್ಸ್, ಯಾದಗಿರಿ ಜಿಲ್ಲೆ

ಸಿಸ್ಟರ್, ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿಯೊಳಗೆ. ಅದಕ್ಕೆ ಬ್ಯಾಟರಿಯೇ ಬೇಡದ ಫ್ರಿಜ್ ಇದೆ. ಸೋಲಾರ್ ಡೈರೆಕ್ಟ್ ಡ್ರೈವ್ ಅಂತ ಕೇಳಿ. ಹಗಲು ಪ್ಯಾನಲ್‌ನಿಂದ ನೇರವಾಗಿ ಕಂಪ್ರೆಸರ್ ಓಡುತ್ತದೆ, ಒಳಗಿನ ಗೋಡೆಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ರಾತ್ರಿಯೆಲ್ಲ ಆ ಗಡ್ಡೆಯೇ ತಂಪು ಕಾಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು ಪರೀಕ್ಷೆ ಮಾಡಿ ಒಪ್ಪಿದ ಮಾದರಿಗಳಿವೆ. ನಿಮ್ಮಲ್ಲಿ ಈಗ ಇರುವುದು ಐಎಲ್ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್) ಆದರೆ ಅದೂ ಇದೇ ಜಾತಿ, ಕರೆಂಟ್ ಮಾತ್ರ ಕಂಬದ್ದು. ಮುಚ್ಚಳ ತೆಗೆಯದಿದ್ದರೆ ಅದೂ ಬಹಳ ಹೊತ್ತು ತಡೆಯುತ್ತದೆ.

ಬ್ಯಾಟರಿಯನ್ನು ಹೆರಿಗೆ ಕೋಣೆಗೆ ಕೇಳಿ. ಅಲ್ಲಿನ ಲೈಟು, ಮಗುವಿನ ವಾರ್ಮರ್, ಸಕ್ಷನ್, ಆಮ್ಲಜನಕದ ಯಂತ್ರ, ಇವು ಒಂದು ನಿಮಿಷವೂ ನಿಲ್ಲಬಾರದು. ಇಲ್ಲಿ ನಾನು ಖರ್ಚಿನ ಮಾತೇ ಎತ್ತುವುದಿಲ್ಲ. ಆದರೆ ವಾರ್ಮರ್ ಒಂದೇ 500 ವಾಟ್‌ಗಿಂತ ಮೇಲೆ ಎಳೆಯುತ್ತದೆ. ಆದ್ದರಿಂದ ಯಾವ ಯಂತ್ರ, ಎಷ್ಟು ವಾಟ್, ಎಷ್ಟು ಗಂಟೆ ಅಂತ ಪಟ್ಟಿ ಮಾಡಿ ಕೊಡಿ. ಸುಮ್ನೆ ‘5 ಕಿಲೋವಾಟ್ ಬೇಕು’ ಅಂತ ಬರೆದರೆ ಪ್ಯಾನಲ್ ಬರುತ್ತದೆ, ಬ್ಯಾಟರಿ ಬಾಯಿಗೂ ಸಾಲದ ಹಾಗೆ ಬರುತ್ತದೆ. ಆ ಸರ್ಕ್ಯೂಟಿಗೆ ಯಾರೂ ಗೀಸರ್, ಟೀ ಕೆಟಲ್ ಸಿಕ್ಕಿಸದ ಹಾಗೆ ಪ್ಲಗ್ ಪಾಯಿಂಟ್ ಬೇರೆ ಮಾಡಿಸಿ. ನಗಬೇಡಿ, ಬ್ಯಾಟರಿ ಕೊಲ್ಲುವುದು ಬಹಳ ಸಲ ಕೆಟಲ್ಲೇ.

ಪ್ರಶ್ನೆ: ನಮಗೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತದೆ. ಆದರೂ ಮಗ ಸೋಲಾರ್ ಹಾಕಿಸೋಣ ಅಂತಾನೆ. ಹಾಕಿಸಬೇಕಾ?
— ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ಬಿಲ್ಲೇ ಇಲ್ಲದ ಮೇಲೆ ಉಳಿಸುವುದು ಏನನ್ನು? ಸದ್ಯಕ್ಕೆ ಬೇಡ. ಬೇಸಿಗೆಯಲ್ಲಿ ಎಸಿ ಹಾಕಿ 200 ಯೂನಿಟ್ ದಾಟಿ, ಪೂರ್ತಿ ಬಿಲ್ ಕಟ್ಟುವ ತಿಂಗಳುಗಳು ಜಾಸ್ತಿಯಾಗುತ್ತಿದ್ದರೆ ಆಗ ಯೋಚಿಸಿ. ಮಗನಿಗೆ ಅಷ್ಟು ಆಸಕ್ತಿ ಇದ್ದರೆ ಸೋಲಾರ್ ವಾಟರ್ ಹೀಟರ್ ಇದೆಯಾ ನೋಡಲು ಹೇಳಿ. ಗೀಸರ್ 2000 ವಾಟ್ ಎಳೆಯುವುದು ಬೆಳಗ್ಗೆ ಆರಕ್ಕೆ, ಎಲ್ಲರೂ ಎಳೆಯುವ ಹೊತ್ತಿಗೆ. ಬಿಸಿಲಿನಲ್ಲಿ ಕಾದ ನೀರು ಟ್ಯಾಂಕಿನಲ್ಲಿ ರಾತ್ರಿಯೆಲ್ಲ ಬಿಸಿಯಾಗೇ ಇರುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವ ಮಾತಿದ್ದರೆ ಅದನ್ನೂ ಹೇಳಿ. ಒಂದು ಸಲ ತುಂಬುವುದಕ್ಕೆ ಮೂರು ಯೂನಿಟ್ ಆಸುಪಾಸು. ಮನೆಯಲ್ಲೇ ಇರುವವರು ನೀವು, ಮಧ್ಯಾಹ್ನ ಊಟವಾದ ಮೇಲೆ ಚಾರ್ಜಿಗೆ ಹಾಕಿ ಮಲಗಿ.